ಚಳಿಗಾಲದ ದೂರ ಸವಾರಿಗೆ ಪ್ಯಾಡ್ ಟೈಟ್ಸ್: ಕಡಿಮೆ ಖರ್ಚಿನಲ್ಲಿ ಒಳ್ಳೆಯದನ್ನು ಆರಿಸುವ ಸೂತ್ರಗಳು

ನವೆಂಬರ್‌ನಿಂದ ಫೆಬ್ರುವರಿವರೆಗೆ ನಮ್ಮ ಸೈಕಲ್ ಸವಾರರಿಗೆ ಸುಗ್ಗಿ. ಮಳೆ ನಿಂತಿರುತ್ತದೆ, ಬಿಸಿಲಿನ್ನೂ ಸುಡಲು ಶುರುವಾಗಿರುವುದಿಲ್ಲ. ಬ್ರೆವೆಗಳಿಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರ ಸವಾರಿಗಳಿಗೆ, ಹೊರಡುವವರು ಹೆಚ್ಚಾಗಿ ಆರಿಸಿಕೊಳ್ಳುವುದೂ ಈ ತಿಂಗಳುಗಳನ್ನೇ. 200 ಕಿ.ಮೀ. ಬ್ರೆವೆ ಮುಗಿಸಲು ಇರುವ ಸಮಯ 13 ಗಂಟೆ 30 ನಿಮಿಷ, 300 ಕಿ.ಮೀ.ಗೆ 20 ಗಂಟೆ. ಅಷ್ಟು ಹೊತ್ತು ಅಂಗೈಯಗಲದ ಸೀಟಿನ ಮೇಲೆ ಕೂರಬೇಕು. ಕಾಲಲ್ಲಿ ಕಸುವಿದ್ದೂ ಕೂರಲಾರದೆ ಅರ್ಧದಾರಿಯಲ್ಲಿ ಸವಾರಿ ಕೈಬಿಡುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಕೂರುವ ಜಾಗದಲ್ಲಿ ಪ್ಯಾಡಿರುವ, ಸರಿಯಾಗಿ ಆರಿಸಿದ ಒಂದು ಟೈಟ್ಸ್ ಇಂಥ ಎಷ್ಟೋ ಸವಾರಿಗಳನ್ನು ಉಳಿಸಬಲ್ಲದು. ಅದಕ್ಕೆ ಐದಾರು ಸಾವಿರ ಸುರಿಯಬೇಕಿಲ್ಲ.

1. ಹಣ ಪ್ಯಾಡಿಗೆ ಹೋಗಲಿ, ಬಟ್ಟೆಯ ದಪ್ಪಕ್ಕಲ್ಲ.
'ವಿಂಟರ್ ಟೈಟ್ಸ್' ಹೆಸರಿನಲ್ಲಿ ಸಿಗುವ, ಒಳಗೆ ಮೆತ್ತನೆ ಉಣ್ಣೆಯಂಥ ಪದರವಿರುವ ಉಡುಪುಗಳು ಯುರೋಪಿನಂಥ ಚಳಿಗೆಂದು ತಯಾರಾದವು. ಬೆಂಗಳೂರಿನಲ್ಲಿ ಡಿಸೆಂಬರ್ ಬೆಳಗಿನ ಜಾವ 15-16 ಡಿಗ್ರಿ ಇದ್ದರೆ ಮಧ್ಯಾಹ್ನ 27 ಡಿಗ್ರಿ ಮುಟ್ಟುತ್ತದೆ. ಬೀದರಿನಲ್ಲಿ ಮುಂಜಾನೆ ಇನ್ನಷ್ಟು ಕೊರೆದರೂ ಹತ್ತು ಗಂಟೆಗೆ ಬಿಸಿಲು ಚುರುಗುಟ್ಟುತ್ತದೆ. ಆಗ ಆ ದಪ್ಪ ಬಟ್ಟೆ ಬೆವರು ಹಿಡಿದಿಟ್ಟುಕೊಳ್ಳುತ್ತದೆ, ತೊಡೆಸಂದು ಒದ್ದೆಯಾಗಿ ಉಜ್ಜತೊಡಗುತ್ತದೆ. ನಮಗೆ ತೆಳು ಲೈಕ್ರಾ ಸಾಕು. ದೆಹಲಿಯ ಜನವರಿಯಲ್ಲೋ ಲಂಡನ್, ಟೊರಾಂಟೊಗಳಲ್ಲೋ ಸೈಕಲ್ ತುಳಿಯುವ ಕನ್ನಡಿಗರಿಗೆ ಮಾತ್ರ ಆ ಪದರ ಬೇಕೇ ಬೇಕು.

2. ದಪ್ಪ ನೋಡಿ ಮರುಳಾಗಬೇಡಿ, ಒತ್ತಿ ನೋಡಿ.
ಅಗ್ಗದ ಟೈಟ್ಸ್ ಮಾರುವವರು ಮೊದಲು ತೋರಿಸುವುದೇ ಪ್ಯಾಡಿನ ದಪ್ಪ. ದಪ್ಪವಿದ್ದ ಮಾತ್ರಕ್ಕೆ ಅದು ಭಾರ ತಡೆಯುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜಿನಂಥ ಫೋಮ್ ಮೊದಲ ಗಂಟೆ ಹಾಯೆನಿಸುತ್ತದೆ. ಮೂರನೇ ಗಂಟೆಗೆ ಅದು ಚಪ್ಪಟೆಯಾಗಿ, ಎಲುಬು ನೇರ ಸೀಟಿಗೇ ಒತ್ತುತ್ತಿರುತ್ತದೆ. ಬೇಕಾದದ್ದು ಸಾಂದ್ರತೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪ್ಯಾಡನ್ನು ಬಲವಾಗಿ ಹಿಸುಕಿ. ಎರಡು ಬೆರಳೂ ಒಂದಕ್ಕೊಂದು ತಾಗಿದಂತೆ ಅನಿಸಿದರೆ ಕೆಳಗಿಡಿ. ಬಿಟ್ಟ ಕೂಡಲೇ ಪುಟಿದು ಮೊದಲಿನ ಆಕಾರಕ್ಕೆ ಬಂದರೆ ಮುಂದಿನ ಪರೀಕ್ಷೆಗೆ ಇಟ್ಟುಕೊಳ್ಳಿ.

ಕೆಲವು ತಯಾರಕರು ಸಾಂದ್ರತೆಯನ್ನು ಚೀಟಿಯಲ್ಲೇ ಬರೆದಿರುತ್ತಾರೆ. ಎಲುಬು ಊರುವ ಜಾಗದಲ್ಲಿ ಘನ ಮೀಟರಿಗೆ 80 ಕಿಲೋ ಇದ್ದರೆ ಅರ್ಧ ದಿನದ ಸವಾರಿಗೆ ಪರವಾಗಿಲ್ಲ. ದಿನವಿಡೀ ತುಳಿಯುವವರು 120 ಕಿಲೋ ಹತ್ತಿರದ್ದನ್ನು ಹುಡುಕಬೇಕು. ಮಧ್ಯದಲ್ಲಿ ಗಟ್ಟಿ, ಅಂಚಿಗೆ ಬಂದಂತೆ ತೆಳು, ಹೀಗೆ ಎರಡು ಮೂರು ಬಗೆಯ ಫೋಮ್ ಸೇರಿಸಿದ ಪ್ಯಾಡು ಉತ್ತಮ. ಜೆಲ್ ಪ್ಯಾಡನ್ನು ನಾನು ದೂರ ಸವಾರಿಗೆ ಹೇಳುವುದಿಲ್ಲ. ತೂಕ ಹೆಚ್ಚು, ಬಿಸಿ ಬೇಗ ಹಿಡಿಯುತ್ತದೆ, ಒಣಗುವುದು ತಡ.

3. ನಿಮ್ಮ ಎಲುಬಿನ ಅಗಲ ಅಳೆದುಕೊಳ್ಳಿ.
ಸೀಟಿನ ಮೇಲೆ ಭಾರ ಬೀಳುವುದು ಕುಂಡೆಯ ಎರಡು ಎಲುಬುಗಳ ಮೇಲೆ. ಗಟ್ಟಿ ಸ್ಟೂಲಿನ ಮೇಲೆ ಪಾರ್ಸೆಲ್ ಡಬ್ಬಿಯ ರಟ್ಟೊಂದನ್ನು ಹಾಕಿ ಮುಂದಕ್ಕೆ ಬಾಗಿ ಕುಳಿತು ಏಳಿ. ಎರಡು ತಗ್ಗು ಮೂಡುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸ್ಕೇಲು ಹಿಡಿಯಿರಿ. ಪ್ಯಾಡಿನ ಗಟ್ಟಿ ಭಾಗ ಆ ಎರಡೂ ತಗ್ಗುಗಳನ್ನು ಮುಚ್ಚಿ ಇನ್ನೂ ಒಂದಿಷ್ಟು ಹೊರಗೆ ಚಾಚಿರಬೇಕು. ಹೆಂಗಸರಿಗೆ ಈ ಅಂತರ ಸಾಮಾನ್ಯವಾಗಿ ಹೆಚ್ಚು. ಗಂಡಸರ ಟೈಟ್ಸನ್ನೇ ಚಿಕ್ಕ ಸೈಜಿನಲ್ಲಿ ಕೊಳ್ಳುವುದರಿಂದ ಕೆಲಸ ಆಗದು. ಹಿಂದೆ ಅಗಲ, ಮುಂದೆ ಗಿಡ್ಡ ಇರುವ ಪ್ಯಾಡನ್ನೇ ಕೇಳಿ ಪಡೆಯಿರಿ.

4. ಒಳಮಗ್ಗುಲು ಹೊರಗೆ ಮಾಡಿ ನೋಡಿ.
ಬೆಲೆ ಕಡಿಮೆ ಮಾಡಲು ಹೊಲಿಗೆಯಲ್ಲೇ ಹೆಚ್ಚಾಗಿ ಕತ್ತರಿ ಆಡಿಸುತ್ತಾರೆ. ಟೈಟ್ಸನ್ನು ತಿರುಗಿಸಿ, ಹೊಲಿಗೆಗಳ ಮೇಲೆ ಬೆರಳಾಡಿಸಿ. ಚಪ್ಪಟೆ ಹೊಲಿಗೆ ಬೆರಳಿಗೆ ಅಷ್ಟಾಗಿ ಸಿಗುವುದಿಲ್ಲ. ಉಬ್ಬಿದ ಹೊಲಿಗೆ ಸಾವಿರಾರು ಸಲ ಕಾಲು ತಿರುಗಿದಾಗ ಅದೇ ಜಾಗದಲ್ಲಿ ಚರ್ಮ ತರಚುತ್ತದೆ. ಪ್ಯಾಡಿನ ನಟ್ಟನಡುವೆ ಹೊಲಿಗೆ ಹಾದುಹೋಗಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಪ್ಯಾಡಿನ ಅಂಚಿನ ದಾರ ಎಳೆದರೆ ಬಿಚ್ಚಿಕೊಳ್ಳಬಾರದು. ಕೊನೆಗೆ ಕೂರುವ ಭಾಗದ ಬಟ್ಟೆಯನ್ನು ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹೊಸದರಲ್ಲೇ ಆಚೆ ಬದಿ ಕಂಡರೆ ನಾಲ್ಕು ಒಗೆತ ಕಂಡ ಮೇಲೆ ಹಾಕಿಕೊಳ್ಳಲು ನಿಮಗೇ ಮುಜುಗರವಾಗುತ್ತದೆ.

5. ಟ್ರಯಲ್ ರೂಮಿನಲ್ಲಿ ಬಾಗಿ.
ಕನ್ನಡಿ ಮುಂದೆ ನೆಟ್ಟಗೆ ನಿಂತು ತೀರ್ಮಾನಿಸಬೇಡಿ. ಸೈಕ್ಲಿಂಗ್ ಉಡುಪು ಬಾಗಿದ ಮೈಗೆಂದು ಕತ್ತರಿಸಿದ್ದು. ನಿಂತಾಗ ಬಿಗಿಯೆನಿಸಿ ಬಾಗಿದಾಗ ಹದವಾಗಿದ್ದರೆ ಅದೇ ನಿಮ್ಮ ಸೈಜು. ಬಾಗಿದಾಗಲೂ ಪ್ಯಾಡು ಮೈಗೆ ಅಂಟಿರದೆ ಜೋತುಬಿದ್ದರೆ ಒಂದು ಸೈಜು ಇಳಿಯಿರಿ. ಸಡಿಲ ಪ್ಯಾಡು ಸರಿದಾಡುತ್ತದೆ, ಸರಿದಾಡುವ ಪ್ಯಾಡೇ ಗಾಯ ಮಾಡುವುದು. ಆನ್‌ಲೈನಿನಲ್ಲಿ ತರಿಸಿದರೆ ವಾಪಸಾತಿ ನಿಯಮ ಮೊದಲೇ ಓದಿಕೊಳ್ಳಿ.

6. ಒಳಗೆ ಚಡ್ಡಿ ಬೇಡ.
ಹೊಸಬರು ಇದನ್ನು ಕೇಳಲು ಸಂಕೋಚಪಡುತ್ತಾರೆ, ಹಳಬರು ಹೇಳಲು ಮರೆಯುತ್ತಾರೆ. ಪ್ಯಾಡ್ ಟೈಟ್ಸ್ ಬರಿಮೈ ಮೇಲೆ ಹಾಕುವ ಉಡುಪು. ಹತ್ತಿಯ ಒಳಚಡ್ಡಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಅದರ ಎಲಾಸ್ಟಿಕ್ ತೊಡೆಸಂದಿನಲ್ಲಿ ಗೆರೆ ಕೊರೆಯುತ್ತದೆ. ಕೊಟ್ಟ ದುಡ್ಡಿನ ಅರ್ಧ ಪ್ರಯೋಜನ ಅಲ್ಲಿಗೆ ಹೋಯಿತು. ಉಜ್ಜುವ ಜಾಗಕ್ಕೆ ಸೈಕಲ್ ಸವಾರರಿಗೆಂದೇ ಸಿಗುವ ಚಾಮೋ ಕ್ರೀಮ್ ತೆಳ್ಳಗೆ ಸವರಿಕೊಳ್ಳಿ. ಅದರ ಬದಲು ಪೆಟ್ರೋಲಿಯಂ ಜೆಲ್ಲಿ ಬೇಡ; ಅದು ಬಟ್ಟೆಗೆ ಹಿಡಿದರೆ ಒಗೆದರೂ ಸುಲಭಕ್ಕೆ ಬಿಡದು.

7. ಬಿಬ್ಬೋ, ಸೊಂಟದ ಎಲಾಸ್ಟಿಕ್ಕೋ?
ಭುಜದ ಪಟ್ಟಿಯಿರುವ ಬಿಬ್ ಟೈಟ್ಸ್ ಪ್ಯಾಡನ್ನು ಅಲುಗಾಡಲು ಬಿಡುವುದಿಲ್ಲ, ಹೊಟ್ಟೆಯನ್ನೂ ಬಿಗಿಯುವುದಿಲ್ಲ. ಬೆಲೆ ಹೆಚ್ಚು. 300 ಕಿ.ಮೀ. ದಾಟುವ ಗಂಡಸರಿಗೆ ಆ ಹೆಚ್ಚಿನ ಹಣ ಸಾರ್ಥಕ. ಹೆಂಗಸರಿಗೆ ಲೆಕ್ಕ ಬೇರೆ: ನಮ್ಮ ಹೆದ್ದಾರಿಗಳಲ್ಲಿ ಶುಚಿಯಾದ ಶೌಚಾಲಯ ಸಿಗುವುದೇ ಅಪರೂಪ, ಸಿಕ್ಕ ಕಡೆ ಜರ್ಸಿ ಕಳಚಿ ಬಿಬ್ ಇಳಿಸಬೇಕೆಂದರೆ ಹಿಂಸೆ. ಅದಕ್ಕಾಗಿಯೇ ನೀರು ಕುಡಿಯುವುದನ್ನು ಕಡಿಮೆ ಮಾಡುವವರಿದ್ದಾರೆ. ಅದು ಅಪಾಯ. ಅಗಲ ಎಲಾಸ್ಟಿಕ್ಕಿನ, ಹಿಂದೆ ಎತ್ತರವಾಗಿರುವ ಸೊಂಟಪಟ್ಟಿಯ ಟೈಟ್ಸೇ ಅವರಿಗೆ ಒಳ್ಳೆಯದು.

8. ಮೊಣಕಾಲು ಮುಚ್ಚಿರಲಿ, ಆದರೆ ಬಿಚ್ಚುವಂತಿರಲಿ.
1478 ಮೀಟರ್ ಎತ್ತರದ ನಂದಿ ಬೆಟ್ಟ ಹತ್ತುವಾಗ ಚಳಿಯೇ ಅನಿಸುವುದಿಲ್ಲ. ಇಳಿಯುವಾಗ ಒದ್ದೆ ಬಟ್ಟೆಗೆ ಗಾಳಿ ಬಡಿದು ಮೊಣಕಾಲು ಮರಗಟ್ಟುತ್ತದೆ, ಬುಡ ಸೇರಿ ಮತ್ತೆ ತುಳಿಯಲು ಶುರುಮಾಡಿದರೆ ಕೀಲು ಹಿಡಿದುಕೊಂಡಿರುತ್ತದೆ. ಆದ್ದರಿಂದ ಕಾಲು ಮುಚ್ಚಬೇಕು, ನಿಜ. ಆದರೆ ಕಡಿಮೆ ಖರ್ಚಿನ ಜಾಣತನ ಯಾವುದೆಂದು ಕೇಳಿದರೆ ಉದ್ದ ಟೈಟ್ಸಿಗಿಂತ ಒಳ್ಳೆಯ ಪ್ಯಾಡ್ ಶಾರ್ಟ್ಸ್ ಜೊತೆಗೆ ಒಂದು ಜೊತೆ ಲೆಗ್ ವಾರ್ಮರ್ ಎನ್ನುತ್ತೇನೆ. ಬಿಸಿಲೇರಿದಾಗ ವಾರ್ಮರ್ ಎಳೆದು ಜರ್ಸಿ ಜೇಬಿಗೆ ಹಾಕಿದರಾಯಿತು. ಶಾರ್ಟ್ಸ್ ಬೇಸಿಗೆಗೂ ಬರುತ್ತದೆ. ಓಟಕ್ಕೆ ಹಾಕುವ, ಪ್ಯಾಡಿಲ್ಲದ ಟೈಟ್ಸ್ ಮನೆಯಲ್ಲಿದ್ದರೆ ಅದನ್ನೇ ಶಾರ್ಟ್ಸ್ ಮೇಲೆ ಹಾಕಿಕೊಂಡು ಈ ಚಳಿಗಾಲ ದಾಟಬಹುದು.

9. ಪಾದದ ಬಳಿ ಬೆಳಕಿಗೆ ಹೊಳೆಯುವ ಪಟ್ಟಿ.
ಕಪ್ಪು ಟೈಟ್ಸ್, ಕತ್ತಲು, ಮಂಜು ಮೂರೂ ಸೇರಿದರೆ ಲಾರಿ ಚಾಲಕರಿಗೆ ನೀವು ಕಾಣುವುದೇ ಇಲ್ಲ. ಕಣಕಾಲಿನ ಪಟ್ಟಿ ಮೇಲೆ ಕೆಳಗೆ ಆಡುವುದರಿಂದ ಸೈಕಲ್ ಸವಾರನೆಂದು ದೂರದಿಂದಲೇ ತಿಳಿಯುತ್ತದೆ. ಟೈಟ್ಸಿನಲ್ಲಿ ಇಲ್ಲದಿದ್ದರೆ ಬೇರೆ ಪಟ್ಟಿ ಕೊಂಡು ಕಟ್ಟಿ. ಇದರಲ್ಲಿ ಉಳಿತಾಯ ನೋಡಬೇಡಿ.

10. ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ.
ಮನೆಗೆ ಬಂದ ತಕ್ಷಣ ಬಿಚ್ಚಿ. ಒದ್ದೆ ಪ್ಯಾಡಿನಲ್ಲೇ ತಿಂಡಿಗೆ ಕುಳಿತರೆ ಬೊಕ್ಕೆ ಏಳುವುದು ಖಂಡಿತ ಎಂದುಕೊಳ್ಳಿ. ಒಳಮಗ್ಗುಲು ಹೊರಗೆ ಮಾಡಿ ಸೌಮ್ಯ ಸೋಪಿನಲ್ಲಿ ಒಗೆಯಿರಿ. ಕಂಫರ್ಟ್‌ನಂಥ ದ್ರವ, ಬ್ರಷ್, ಬಿಸಿನೀರು, ಇಸ್ತ್ರಿ ಯಾವುದೂ ಬೇಡ; ಲೈಕ್ರಾ ಸೆಳೆತ ಕಳೆದುಕೊಳ್ಳುತ್ತದೆ.

11. ಹೊಸದನ್ನು ಬ್ರೆವೆ ದಿನ ತೊಡಬೇಡಿ.
ಮೊದಲು 60-70 ಕಿ.ಮೀ. ತುಳಿದು ನೋಡಿ. ಎಲ್ಲಿ ಉಜ್ಜುತ್ತದೆ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಎರಡು ಬೇರೆ ಟೈಟ್ಸ್ ಹಾಕಿ ನೋಡಿದರೂ ನೋವು ಹೋಗದಿದ್ದರೆ ಮೂರನೆಯದಕ್ಕೆ ಹಣ ಹಾಕಬೇಡಿ. ಸೀಟಿನ ಎತ್ತರ, ಓರೆ, ಅಗಲ ತಿಳಿದವರಿಂದ ಸರಿಮಾಡಿಸಿ. ಕೂರುವ ಭಾಗ ಮರಗಟ್ಟುವುದು ಸವಾರಿ ಮುಗಿದ ಮೇಲೂ ಉಳಿದರೆ ನಾಚಿಕೆ ಬಿಟ್ಟು ವೈದ್ಯರ ಬಳಿ ಹೋಗಿ.