ರಕ್ತದ ಒತ್ತಡವಿರುವವರ ಊಟ: ರೊಟ್ಟಿಯ ಪಕ್ಕದ ಉಪ್ಪು

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ರೈತರ ಮನೆಗಳಲ್ಲಿ ಜೋಳದ ರೊಟ್ಟಿ ನಿತ್ಯದ ಆಹಾರ. ಬಿಸಿನೀರಿನಲ್ಲಿ ಹಿಟ್ಟು ನಾದಿ, ತಟ್ಟಿ ಬೇಯಿಸುವ ಈ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವ ರೂಢಿ ಇಲ್ಲ. ಆದುದರಿಂದ ರಕ್ತದ ಒತ್ತಡ ಹೆಚ್ಚಿರುವವರಿಗೆ ಇದು ತಕ್ಕ ಆಹಾರವೇ ಸರಿ. ಆದರೆ ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿದಾಗ ಅನೇಕರು ಪಲ್ಲೆಗೆ ಹಾಕುವ ಉಪ್ಪನ್ನಷ್ಟೇ ತಗ್ಗಿಸಿ, ರೊಟ್ಟಿಯ ಪಕ್ಕದಲ್ಲಿ ಬಡಿಸುವ ಹಿಂಡಿ, ರಂಜಕ, ಉಪ್ಪಿನಕಾಯಿ, ಹಪ್ಪಳಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ. ಸಪ್ಪೆ ಪಲ್ಲೆಯೊಡನೆ ರೊಟ್ಟಿ ಇಳಿಯದೆಂದು ಉಪ್ಪಿನಕಾಯಿಯನ್ನು ಇನ್ನಷ್ಟು ಹಚ್ಚಿಕೊಳ್ಳುವವರೂ ಉಂಟು. ಇದರಿಂದ ಪಥ್ಯದ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ರಕ್ತದ ಒತ್ತಡ ಎಂದರೇನು?

ಪಂಪ್‌ಸೆಟ್ಟು ಕೊಳವೆಯಲ್ಲಿ ನೀರನ್ನು ನೂಕುವಂತೆ ಹೃದಯವು ರಕ್ತನಾಳಗಳಲ್ಲಿ ರಕ್ತವನ್ನು ನೂಕುತ್ತದೆ. ಆಗ ನಾಳದ ಗೋಡೆಯ ಮೇಲೆ ಬೀಳುವ ಒತ್ತಡವೇ ರಕ್ತದ ಒತ್ತಡ. ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ನಾಳಗಳಲ್ಲಿ ಹರಿಯುವ ದ್ರವ ಹೆಚ್ಚಾಗಿ ಒತ್ತಡವೂ ಏರುತ್ತದೆ. ಬೇರೆ ಬೇರೆ ದಿನ ಅಳೆದಾಗ ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ಮುಟ್ಟಿದರೆ ಅಥವಾ ದಾಟಿದರೆ ಒತ್ತಡ ಹೆಚ್ಚಾಗಿದೆ ಎಂದು ತಿಳಿಯಬೇಕು.

ಈ ರೋಗಕ್ಕೆ ಬಹಳ ಮಂದಿಯಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ತಲೆನೋವು ಬಂದಾಗ ನೋಡೋಣ ಎಂದು ಕಾಯುವುದು ತಪ್ಪು. ಅಲಕ್ಷ್ಯ ಮಾಡಿದಲ್ಲಿ ಲಕ್ವ, ಹೃದಯಾಘಾತ, ಮೂತ್ರಪಿಂಡದ ದೋಷಗಳು ಬರಬಹುದು. ದುಡಿಯುವ ಕೈ ಬಿದ್ದರೆ ಮನೆತನದ ಒಕ್ಕಲುತನವೇ ನಿಲ್ಲುತ್ತದೆ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒತ್ತಡ ಅಳೆಸಿಕೊಳ್ಳಬೇಕು.

ಮನೆಯ ಉಪ್ಪಿನ ಲೆಕ್ಕ

ಒಬ್ಬ ವಯಸ್ಕರಿಗೆ ದಿನಕ್ಕೆ ಎಲ್ಲ ಆಹಾರ ಸೇರಿ 5 ಗ್ರಾಂಗಿಂತ ಕಡಿಮೆ ಉಪ್ಪು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಒಂದು ಚಹಾ ಚಮಚೆಗಿಂತಲೂ ತುಸು ಕಡಿಮೆ. ದಿನಾಲು ತೂಕ ಮಾಡುವುದು ಯಾರಿಗೂ ಆಗದ ಮಾತು. ಅದಕ್ಕೆ ಸುಲಭವಾದ ಒಂದು ಉಪಾಯವಿದೆ.

ಮನೆಯಲ್ಲಿ ಐದು ಜನ ದೊಡ್ಡವರಿದ್ದರೆ ದಿನಕ್ಕೆ ಹೆಚ್ಚೆಂದರೆ 25 ಗ್ರಾಂ ಉಪ್ಪು ಸಾಕು. ಹೀಗೆ ಒಂದು ಕಿಲೋ ಉಪ್ಪಿನ ಪೊಟ್ಟಣ 40 ದಿನ ಬರಬೇಕು. ಅದು 20 ದಿನಕ್ಕೇ ತೀರಿದರೆ ಮಿತಿಯ ಇಮ್ಮಡಿ ಉಪ್ಪು ಖರ್ಚಾಗುತ್ತಿದೆ ಎಂದಾಯಿತು. ದನಗಳಿಗೆ ಕೊಡುವ ಉಪ್ಪನ್ನು ಬೇರೆ ಇಡಬೇಕು. ಉಪ್ಪಿನಕಾಯಿಗೆ ಹಾಕಿದ್ದು ಮತ್ತು ಅಂಗಡಿಯ ತಿನಿಸಿನಲ್ಲಿ ಬಂದದ್ದು ಈ ಪೊಟ್ಟಣದ ಲೆಕ್ಕಕ್ಕೆ ಹೊರತು. ಅವನ್ನು ತಿನ್ನುವ ಮನೆಯಲ್ಲಿ ಪೊಟ್ಟಣ 40 ದಿನಕ್ಕಿಂತ ಹೆಚ್ಚು ಬಂದರೆ ಮಾತ್ರ ಸರಿ.

ತಗ್ಗಿಸಬಹುದಾದ ಉಪ್ಪು, ತಗ್ಗಿಸಲಾಗದ ಉಪ್ಪು

ಪಕ್ಕದ ಪದಾರ್ಥಗಳಲ್ಲಿ ಎರಡು ಬಗೆ ಇವೆ.

1. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳಲ್ಲಿ ಉಪ್ಪು ಇರುವುದು ರುಚಿಗಾಗಿ. ಹುರಿದ ಒಣ ಪುಡಿಯಾದುದರಿಂದ ಉಪ್ಪು ಕಡಿಮೆಯಾದರೂ ಕೆಡುವುದಿಲ್ಲ. ಇವುಗಳಿಗೆ ಉಪ್ಪನ್ನು ಅರ್ಧಕ್ಕೆ ಇಳಿಸಿ, ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ಸ್ವಲ್ಪ ಹುಣಸೆಹಣ್ಣು ಹೆಚ್ಚು ಮಾಡಬಹುದು.

2. ಉಪ್ಪಿನಕಾಯಿ, ಹಸಿ ಕೆಂಪು ಮೆಣಸಿನಕಾಯಿಯ ರಂಜಕ, ಮಜ್ಜಿಗೆ ಮೆಣಸಿನಕಾಯಿಗಳಲ್ಲಿ ಉಪ್ಪೇ ಕೆಡದಂತೆ ಕಾಯುತ್ತದೆ. ಅದನ್ನು ತಗ್ಗಿಸಿದರೆ ಬೂಷ್ಟು ಬರುತ್ತದೆ. ಉಪ್ಪಿನಕಾಯಿಯಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಉಪ್ಪು ಇರುವುದುಂಟು. 10 ಗ್ರಾಂ ತೂಕದ ಹೋಳು ಹೊತ್ತಿಗೊಂದರಂತೆ ಮೂರು ಹೊತ್ತು ತಿಂದರೆ ದಿನದ ಪಾಲಿನ ಬಹುಭಾಗ ಅಲ್ಲಿಯೇ ಮುಗಿಯುತ್ತದೆ. ಆದುದರಿಂದ ಇವನ್ನು ತಿನ್ನುವ ಪ್ರಮಾಣವನ್ನೇ ಇಳಿಸಬೇಕು. ರೋಗಿಯು ಇವನ್ನು ಹಬ್ಬ-ಹುಣ್ಣಿಮೆಗೆ ಮೀಸಲಿಡುವುದು ಲೇಸು.

ಹಪ್ಪಳಕ್ಕೆ ಉಪ್ಪಿನ ಜೊತೆಗೆ ಹಪ್ಪಳಖಾರವನ್ನೂ, ಭಜಿಗೆ ಅಡಿಗೆ ಸೋಡಾವನ್ನೂ ಹಾಕುತ್ತಾರೆ. ಇವು ನಾಲಿಗೆಗೆ ಉಪ್ಪೆನಿಸದಿದ್ದರೂ ಸೋಡಿಯಂ ಇರುವ ಪದಾರ್ಥಗಳೇ. ಚುರುಮುರಿ ಹುರಿಯುವ ಅಕ್ಕಿಗೆ ಮೊದಲೇ ಉಪ್ಪು ಬೆರೆತಿರುತ್ತದೆ. ಸಂತೆಯ ದಿನ ಚುರುಮುರಿ, ಶೇವು, ಭಜಿ ತಿಂದವರು ಮನೆಯಲ್ಲಿ ಸಪ್ಪೆ ಊಟ ಮಾಡಿದರೂ ಲೆಕ್ಕ ತಪ್ಪುತ್ತದೆ. ಸೈಂಧವ ಲವಣ, ಕಲ್ಲುಪ್ಪುಗಳೂ ಉಪ್ಪೇ. ಅವುಗಳಿಂದ ಒತ್ತಡ ಏರುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಅಯೋಡಿನ್ ಇರುವ ಉಪ್ಪನ್ನೇ ಮಿತವಾಗಿ ಬಳಸಬೇಕು.

ಏನನ್ನು ಹೆಚ್ಚಿಸಬೇಕು?

ಬಿಡುವುದಷ್ಟೇ ಪಥ್ಯವಲ್ಲ. 1997ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಣ್ಣು, ತರಕಾರಿ ಮತ್ತು ಜಿಡ್ಡು ಕಡಿಮೆ ಇರುವ ಹಾಲಿನ ಪದಾರ್ಥಗಳನ್ನು ಹೆಚ್ಚಾಗಿ ಕೊಟ್ಟಾಗ, ಉಪ್ಪಿನ ಪ್ರಮಾಣ ಬದಲಿಸದಿದ್ದರೂ, ಒತ್ತಡ ಹೆಚ್ಚಿದ್ದವರಲ್ಲಿ ಮೇಲಿನ ಅಂಕಿ ಸುಮಾರು 11ರಷ್ಟು ಇಳಿಯಿತು. ಉಪ್ಪನ್ನೂ ಇಳಿಸಿದರೆ ಇನ್ನೂ ಹೆಚ್ಚಿನ ಪ್ರಯೋಜನವೆಂದು 2001ರಲ್ಲಿ ತಿಳಿದುಬಂದಿತು. ಈ ಆಹಾರದಲ್ಲಿರುವ ಪೊಟ್ಯಾಸಿಯಂ, ಸೋಡಿಯಂ ದೇಹದಿಂದ ಹೊರಹೋಗಲು ನೆರವಾಗುತ್ತದೆ.

ನಮ್ಮಲ್ಲಿ ಇದಕ್ಕೆ ಕೊರತೆಯಿಲ್ಲ. ಮೆಂತ್ಯೆ, ರಾಜಗಿರಿ, ಸಬ್ಬಸಗಿ, ಪುಂಡಿ ಪಲ್ಲೆಗಳು, ಮೊಳಕೆ ಬರಿಸಿದ ಹೆಸರು, ಮಡಕಿ ಕಾಳು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಪೇರಲ, ಬಾಳೆಹಣ್ಣು, ಕೆನೆ ತೆಗೆದ ಹಾಲಿನ ಮಜ್ಜಿಗೆ ಇವೆಲ್ಲವೂ ಒಳ್ಳೆಯವು. ಕಾಲುವೆ ನೀರು ಬಂದೆಡೆ ಹೊಲವೆಲ್ಲ ಕಬ್ಬು, ಗೋವಿನಜೋಳವಾಗಿ ಸೊಪ್ಪಿಗೂ ಸಂತೆಗೆ ಹೋಗುವಂತಾಗಿದ್ದರೆ, ಬಚ್ಚಲ ನೀರು ಹರಿಯುವಲ್ಲಿ ಒಂದು ನುಗ್ಗೆ, ಒಂದು ಲಿಂಬೆ ಮತ್ತು ಎರಡು ಮಡಿ ಸೊಪ್ಪು ಹಾಕಿದರೂ ಮನೆಗೆ ಅನುಕೂಲ.

ಗೋಕಾಕದ ಕರದಂಟಿನಲ್ಲಿ ಉಪ್ಪಿನ ಭಯವಿಲ್ಲ. ಆದರೆ ಬೆಲ್ಲ, ಅಂಟು, ಒಣಹಣ್ಣು, ತುಪ್ಪಗಳಿಂದ ಶಕ್ತಿಯ ಅಂಶ ಬಹಳ. ಮೈತೂಕ ಹೆಚ್ಚಿದಂತೆ ಒತ್ತಡವೂ ಹೆಚ್ಚುವುದರಿಂದ ಒಂದು ಸಣ್ಣ ತುಂಡಿಗೆ ನಿಲ್ಲಿಸಬೇಕು. ಸಿಹಿಮೂತ್ರ ರೋಗವೂ ಇದ್ದವರು ವೈದ್ಯರನ್ನು ಕೇಳಬೇಕು. ಮದ್ಯ ಮತ್ತು ತಂಬಾಕನ್ನು ಬಿಡಲೇಬೇಕು.

ಬೆವರು ಸುರಿಸುವವರಿಗೆ ಉಪ್ಪು ಬೇಡವೇ?

ಕಬ್ಬು ಕಡಿಯುವವರು, ಬಿಸಿಲಿನಲ್ಲಿ ಕಳೆ ತೆಗೆಯುವವರು ಈ ಪ್ರಶ್ನೆ ಕೇಳುವುದು ಸಹಜ. ಬೆವರಿನಲ್ಲಿ ಉಪ್ಪು ಹೋಗುವುದು ನಿಜ. ಆದರೆ ನಿತ್ಯದ ಊಟದಲ್ಲಿ ಬರುವ ಉಪ್ಪು ಸಾಮಾನ್ಯವಾಗಿ ಅದನ್ನು ತುಂಬಿಕೊಡುತ್ತದೆ. ಅದಕ್ಕಾಗಿ ಉಪ್ಪಿನಕಾಯಿ ಹೆಚ್ಚಿಸಬೇಕಾಗಿಲ್ಲ. ನೀರು, ಜೀರಿಗೆ-ಕೊತ್ತಂಬರಿ ಹಾಕಿದ ಸಪ್ಪೆ ಮಜ್ಜಿಗೆ ಆಗಾಗ ಕುಡಿಯಬೇಕು. ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರಿಗೆ ಬಿಸಿಲಿನಲ್ಲಿ ತಲೆಸುತ್ತು, ಕಾಲು ಸೆಳೆತ ಬಂದರೆ ಕೂಡಲೆ ನೆರಳಿಗೆ ಬಂದು ವೈದ್ಯರಿಗೆ ತೋರಿಸಬೇಕು. ಮೈಕೈ ನೋವಿಗೆಂದು ಪದೇ ಪದೇ ನೋವಿನ ಗುಳಿಗೆ ನುಂಗುವುದೂ ಸಲ್ಲದು. ಅವುಗಳಲ್ಲಿ ಹಲವು ಒತ್ತಡವನ್ನು ಏರಿಸುತ್ತವೆ.

ಬದಲಿ ಉಪ್ಪು

ಸೋಡಿಯಂನ ಒಂದು ಭಾಗಕ್ಕೆ ಪೊಟ್ಯಾಸಿಯಂ ಸೇರಿಸಿದ ಉಪ್ಪು ಈಗ ದೊರೆಯುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಉಪ್ಪು ಬಳಸಿದವರಿಗಿಂತ ಇವರಲ್ಲಿ ಲಕ್ವ ನೂರಕ್ಕೆ 14ರಷ್ಟು ಕಡಿಮೆ ಕಂಡುಬಂದಿತು. ಆದರೆ ಮೂತ್ರಪಿಂಡದ ರೋಗವಿರುವವರಿಗೆ ಮತ್ತು ಕೆಲವು ಒತ್ತಡದ ಗುಳಿಗೆ ತೆಗೆದುಕೊಳ್ಳುವವರಿಗೆ ಇದು ಅಪಾಯಕರ. ವೈದ್ಯರನ್ನು ಕೇಳದೆ ಬಳಸಕೂಡದು.

ನೆನಪಿಡಬೇಕಾದ ಅಂಶಗಳು

* ಪಥ್ಯವು ಗುಳಿಗೆಗೆ ಬದಲಿಯಲ್ಲ. ಅಂಕಿ ಇಳಿದಿದೆಯೆಂದು ತಾವಾಗಿಯೇ ಗುಳಿಗೆ ನಿಲ್ಲಿಸಕೂಡದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆ ಮತ್ತು ಗುಳಿಗೆ ಉಚಿತ.
* ಉಪ್ಪನ್ನು ಒಮ್ಮೆಲೆ ಬಿಡದೆ ವಾರ ವಾರಕ್ಕೆ ತಗ್ಗಿಸಿದರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.
* ಊಟಕ್ಕೆ ಕೂತಾಗ ಉಪ್ಪಿನ ಬಟ್ಟಲನ್ನು ದೂರವಿಟ್ಟು ಲಿಂಬೆಹೋಳನ್ನು ಬಡಿಸಬೇಕು.
* ರೋಗಿಗೊಬ್ಬರಿಗೆ ಬೇರೆ ಅಡಿಗೆ ಮಾಡಿದರೆ ಅದು ಹೆಚ್ಚು ದಿನ ನಡೆಯುವುದಿಲ್ಲ. ಮನೆಮಂದಿಯೆಲ್ಲ ಒಂದೇ ಅಡಿಗೆ ಉಣ್ಣುವುದರಿಂದ ಅಡಿಗೆ ಮಾಡುವವರ ಹೊರೆ ಹಗುರವಾಗಿ, ಉಳಿದವರಿಗೂ ಹಿತವಾಗುತ್ತದೆ.

ಮುಂದಿನ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿರಿ. ತೀರಿದ ದಿನ ಲೆಕ್ಕ ಹಾಕಿ ನೋಡಿರಿ. ನಿಮ್ಮ ಮನೆಯಲ್ಲಿ ಯಾವುದನ್ನು ಎಷ್ಟು ಇಳಿಸಬೇಕೆಂಬುದು ಆಗ ತಿಳಿಯುತ್ತದೆ.