ಚೇಚಿ ಕೇಳಿದ್ದಳು, ನಾನು ‘ನೋಡೋಣ’ ಎಂದೆ

ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಗೆರೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್ ಇಲ್ಲದ ಆಸ್ಪತ್ರೆಯಲ್ಲ ನಮ್ಮದು. ಇತ್ತು, ಎರಡನೇ ಮಹಡಿಯ ಕಪಾಟಿನಲ್ಲಿ, ಬೀಗದೊಳಗೆ. ಬೀಗದ ಕೈ ಸ್ಟೋರಿನವರ ಬಳಿ, ಸ್ಟೋರಿನವರು ತಮ್ಮ ಮನೆಯಲ್ಲಿ, ಗಾಢ ನಿದ್ದೆಯಲ್ಲಿ. ವಾರ್ಡುಗಳ ಕಡೆಗೆ ಒಂದನ್ನು ಬಿಡಿ ಎಂದು ಮೂರು ಸಲ ಬರೆದುಕೊಟ್ಟಿದ್ದೆ. ‘ಕಳೆದುಹೋದರೆ ಯಾರು ಜವಾಬ್ದಾರಿ?’ ಮೂರು ಸಲವೂ ಇದೇ ಉತ್ತರ. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಉಳಿದ ತಪ್ಪುಗಳಲ್ಲಿ ಹೆಚ್ಚಿನವು ನನ್ನವು.

ಕೊಚ್ಚಿ. ನಮ್ಮ ಕಾಸರಗೋಡಿನ ಕಡೆ ಆಟಿ ಎನ್ನುತ್ತೇವಲ್ಲ, ಆ ಮಳೆ. ರಾತ್ರಿ ಎರಡೂಕಾಲಕ್ಕೆ ವಾರ್ಡಿನಿಂದ ಫೋನು. ಕೆಳದವಡೆಯ ಹಲ್ಲಿನ ಕೀವು ನಾಲಿಗೆಯ ಬುಡಕ್ಕಿಳಿದ ರೋಗಿ, ಲುಡ್ವಿಗ್ಸ್ ಆಂಜೈನಾ. ಸಂಜೆ ನೋಡಿದವರು ‘ಬೆಳಿಗ್ಗೆ ಥಿಯೇಟರಿಗೆ’ ಎಂದು ಬರೆದು ಹೋಗಿದ್ದರು. ನಾನು ಹೋದಾಗ ಆ ದಪ್ಪ ಮೈಯ ಮನುಷ್ಯ ಮಂಚದಲ್ಲಿ ಎರಡೂ ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದರು. ಜೊಲ್ಲು ನುಂಗಲಾಗದೆ ಎದೆಯ ಮೇಲೆ ಸುರಿಯುತ್ತಿತ್ತು. ಆಕ್ಸಿಜನ್ 88. ‘ಶ್ವಾಸಂ ಕಿಟ್ಟುನ್ನಿಲ್ಲ’, ಉಸಿರು ಸಿಗುತ್ತಿಲ್ಲ, ಎಂಬ ಎರಡು ಮಾತಿಗೆ ಅವರಿಗೆ ಮೂರು ಉಸಿರು ಬೇಕಾಯಿತು.

ರಾತ್ರಿ ಪಾಳಿಯ ನರ್ಸ್, ನಮಗೆಲ್ಲ ಚೇಚಿ, ಅಂದರೆ ಅಕ್ಕ; ಅವಳಿಗೆ ನನಗಿಂತ ಹೆಚ್ಚು ಸರ್ವೀಸ್. ಮೆಲ್ಲಗೆ ಕೇಳಿದಳು: ‘ಸಾರೇ, ಇಎನ್‌ಟಿಯೆ ವಿಳಿಕ್ಕಟ್ಟೆ?’ ಕರೆಯಲಾ ಎಂದು.

‘ನೋಡೋಣ’ ಎಂದೆ.

1952ರ ಪೋಲಿಯೊ ಹಾವಳಿಯಲ್ಲಿ ಕೋಪನ್‌ಹೇಗನ್ನಿನ ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಥಿಯೇಟರ್ ಬಿಟ್ಟು ರೋಗಿಗಳ ಹಾಸಿಗೆಯ ಬಳಿಗೆ ಬಂದ. ಅಂದಿನಿಂದ ಅರಿವಳಿಕೆಯವರು ಹೀಗೆ ಓಡುತ್ತಲೇ ಇದ್ದೇವೆ. ಥಿಯೇಟರ್ ಮಾತ್ರ ನಮ್ಮ ಹಿಂದೆ ಬರುವುದಿಲ್ಲ. ಅಲ್ಲಿ ನಾನು ಕೈ ಚಾಚುವ ಮೊದಲೇ ಟೆಕ್ನಿಶಿಯನ್ ಟ್ಯೂಬು ಕೊಡುತ್ತಾನೆ. ಇಲ್ಲಿ ಮಂಚದ ತಲೆಕಡೆ ಗೋಡೆಗೆ ಅಂಟಿಕೊಂಡಿತ್ತು, ಕಬ್ಬಿಣದ ತಲೆಪಟ್ಟಿಯ ಬೋಲ್ಟು ತುಕ್ಕು ಹಿಡಿದಿತ್ತು. ನಾನೂ ರೋಗಿಯ ಅಳಿಯನೂ ಮಂಚ ಎಳೆದ ರಭಸಕ್ಕೆ ಪಟ್ಟಿ ಮುರಿದು ಕೈಗೆ ಬಂತು. ಸಕ್ಷನ್ ಬಾಟಲಿಯ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ.

ಆಗಲೂ ಅವರು ತಾವೇ ಉಸಿರಾಡುತ್ತಿದ್ದರು. ಇಂಥವರಿಗೆ ಎಚ್ಚರವಿದ್ದಂತೆಯೇ ಮೂಗಿನಿಂದ ಫೈಬರ್ ಸ್ಕೋಪ್ ಇಳಿಸಬೇಕು, ಇಲ್ಲವೇ ಕುತ್ತಿಗೆ ಮರಗಟ್ಟಿಸಿ ಅಲ್ಲೇ ದಾರಿ ಮಾಡಬೇಕು, ಅದೂ ಇಎನ್‌ಟಿಯವರು ಪಕ್ಕದಲ್ಲಿದ್ದು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇನೆ. ಆದರೆ ಅವರು ಒದ್ದಾಡುತ್ತಿದ್ದರು, ಅಂಕಿ ಇಳಿಯುತ್ತಿತ್ತು, ನನ್ನ ಕೈ ಅಲ್ಲಿಯವರೆಗೆ ನನಗೆ ಮೋಸ ಮಾಡಿರಲಿಲ್ಲ. ರೊಕ್ಯುರೋನಿಯಂ ಕೊಟ್ಟೆ. ಅವರ ಉಸಿರನ್ನು ನಾನೇ ನಿಲ್ಲಿಸಿದೆ.

ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ. ವಿಡಿಯೊ ಲಾರಿಂಗೋಸ್ಕೋಪಿನ ಪರದೆಯ ತುಂಬ ಊದಿದ ನಾಲಿಗೆ, ಕೀವು, ರಕ್ತ. ಮಾಸ್ಕ್ ಹಿಡಿದು ಬ್ಯಾಗ್ ಒತ್ತಿದರೆ ಗೋಡೆ ಒತ್ತಿದಂತೆ. ಗಂಟಲಲ್ಲಿ ಕೂರಿಸುವ ಐ-ಜೆಲ್ ಕೂಡ ಕೂರಲಿಲ್ಲ. ಮಾನಿಟರಿನ ‘ಟಿಂ’ ಸದ್ದು ಆಕ್ಸಿಜನ್ ಇಳಿದಂತೆ ದಪ್ಪವಾಗುತ್ತ ಹೋಗುತ್ತದೆ. ನೋಡದಿದ್ದರೂ ಕಿವಿ ಬಿಡುವುದಿಲ್ಲ. 74. 61. ಮೂರನೇ ಸಲ ಟ್ಯೂಬು ಎಲ್ಲಿಗೋ ಹೋಯಿತು. ಒಳಗೆ ಹಬೆ ಕಂಡಿತು, ‘ಹೋಯಿತು’ ಎಂದೆ. ಮಾಡಿಗೆ ಮಳೆ ಬಡಿಯುತ್ತಿದ್ದ ಸದ್ದಿನಲ್ಲಿ ಸ್ಟೆತಸ್ಕೋಪಿಗೆ ಕೇಳಿಸಿದ್ದು ಏನೋ, ನಾನು ಕೇಳಿಸಿಕೊಂಡದ್ದು ಏನೋ. ಕ್ಯಾಪ್ನೋಗ್ರಾಫ್ ಇದ್ದಿದ್ದರೆ ನಾಲ್ಕಾರು ಉಸಿರಿಗೇ ಚಪ್ಪಟೆ ಗೆರೆ ಹೇಳಿಬಿಡುತ್ತಿತ್ತು. ನಮಗೆ ಹೇಳಿದ್ದು ಉಬ್ಬುತ್ತಿದ್ದ ಹೊಟ್ಟೆ. ಟ್ಯೂಬು ಅನ್ನನಾಳದಲ್ಲಿತ್ತು.

ನಾಲ್ಕನೇ ಸಲಕ್ಕೆ ಕೈ ಹೋಗಿತ್ತು, ಸತ್ಯವಾಗಿ. ಆಗ ಚೇಚಿ ನನ್ನ ಅಂಗೈಯಲ್ಲಿ 10ನೇ ನಂಬರಿನ ಬ್ಲೇಡ್ ಇಟ್ಟಳು. ಏನೂ ಹೇಳಲಿಲ್ಲ. ನಾನು ‘ನೋಡೋಣ’ ಎಂದ ಗಳಿಗೆಯಲ್ಲೇ ಅದನ್ನು ತೆಗೆದಿಟ್ಟು, ಇಎನ್‌ಟಿಗೂ ತಾನೇ ಫೋನು ಮಾಡಿದ್ದಳಂತೆ.

2005ರಲ್ಲಿ ಇಂಗ್ಲೆಂಡಿನಲ್ಲಿ ಪೈಲಟ್ ಒಬ್ಬರ ಹೆಂಡತಿ ಸಣ್ಣ ಶಸ್ತ್ರಚಿಕಿತ್ಸೆಗೆಂದು ಹೋಗಿ ಹೀಗೆಯೇ ತೀರಿಕೊಂಡರು. ನರ್ಸ್ ಟ್ರೇಕಿಯಾಸ್ಟಮಿ ಸೆಟ್ ತಂದಿಟ್ಟಿದ್ದರೂ ವೈದ್ಯರು ಟ್ಯೂಬಿನ ಹಿಂದೆಯೇ ಬಿದ್ದಿದ್ದರು. ಪ್ರತಿ ವರ್ಷ ಕಿರಿಯರಿಗೆ ಈ ಪಾಠ ಹೇಳುವವನು ನಾನೇ.

ಊದಿದ ಕುತ್ತಿಗೆಯಲ್ಲಿ ಎಲ್ಲಿ ಕುಯ್ಯಬೇಕೆಂಬ ಗುರುತು ಸಿಗಲಿಲ್ಲ. ತಿರುವನಂತಪುರದಲ್ಲಿ ಪಿಜಿ ಮಾಡುವಾಗ ನಮ್ಮ ಮೇಷ್ಟ್ರು ಮದ್ದು ಕೊಡುವ ಮೊದಲು ಪ್ರತಿ ರೋಗಿಯ ಕುತ್ತಿಗೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಸುತ್ತಿದ್ದರು. ‘ಮುದುಕನ ಚಾಳಿ’ ಎಂದು ನಗುತ್ತಿದ್ದೆವು. ನಡುಗೆರೆಯಲ್ಲಿ ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಸೀಳಿದೆ. ರಕ್ತ ತುಂಬಿತು, ಕಣ್ಣಿಗೆ ಕೆಲಸವಿಲ್ಲ. ಬೆರಳಿಗೆ ಒಂದು ಸಣ್ಣ ತಗ್ಗು ಸಿಕ್ಕಿತು. ಅಡ್ಡಕ್ಕೆ ಬ್ಲೇಡ್, ಬೂಜಿ ಎಂಬ ಬಾಗುವ ಕಡ್ಡಿ, ಅದರ ಮೇಲೆ 6ರ ಟ್ಯೂಬು. ಎದೆ ಎದ್ದಿತು. ಅಂಕಿ ಏಳಲಿಲ್ಲ: 41, 39, ಮತ್ತೆ 39. ಬೆರಳ ತುದಿಗೆ ರಕ್ತ ತಲುಪಲು ತಡವಾಗುತ್ತದೆ ಎಂದು ಗೊತ್ತಿದ್ದೂ ಟ್ಯೂಬನ್ನು ಕಿತ್ತುಬಿಡುವವನಿದ್ದೆ. ‘ವೇಂಡ ಸಾರೇ’, ಬೇಡ ಎಂದಳು ಚೇಚಿ. 52. 70. 91.

ಮೂರು ವಾರದ ನಂತರ ಅವರು ನಡೆದೇ ಮನೆಗೆ ಹೋದರು. ಸ್ವರ ಸ್ವಲ್ಪ ಒರಟಾಗಿದೆ.

ಕಿರಿಯರು ಉಪಾಯ ಕೇಳುತ್ತಾರೆ. ಏನಿದೆ ಹೇಳಲು? ಬ್ಲೇಡ್, ಬೂಜಿ, 6ರ ಟ್ಯೂಬು ಈಗ ನನ್ನ ಚೀಲದಲ್ಲೇ ಇರುತ್ತವೆ. ಮದ್ದು ಕೊಡುವ ಮೊದಲು ಮಂಚ ಎಳೆಯಿರಿ, ಸಕ್ಷನ್ ಒತ್ತಿ ನೋಡಿ, ಕುತ್ತಿಗೆಗೆ ಪೆನ್ನು ಹಚ್ಚಿ. ಭಾರತದ ಡಿಫಿಕಲ್ಟ್ ಏರ್‌ವೇ ಸಂಘದ 2016ರ ಮಾರ್ಗಸೂಚಿ ಹೇಳುವ ಹಾಗೆ ಮೂಗಿಗೆ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಬಿಟ್ಟುಕೊಂಡೇ ಇರಿ; ಗೋಡೆಯಲ್ಲಿ ಒಂದೇ ಫ್ಲೋಮೀಟರ್ ಇದ್ದರೆ ಇನ್ನೊಂದು ಸಿಲಿಂಡರ್ ತರಿಸಿ.

ಸ್ಟೋರಿಗೆ ನಾಲ್ಕನೇ ಪತ್ರ ಬರೆದೆ. ಬ್ರಿಟನ್ನಿನ 2011ರ ನ್ಯಾಪ್-4 ವರದಿಯನ್ನೂ ಲಗತ್ತಿಸಿದೆ: ಐಸಿಯುಗಳಲ್ಲಿ ಶ್ವಾಸಮಾರ್ಗದ ಅವಘಡದಿಂದಾದ ಸಾವು ಮತ್ತು ಮಿದುಳಿನ ಹಾನಿಯಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕ್ಯಾಪ್ನೋಗ್ರಾಫ್ ಬಳಸದೇ ಇದ್ದದ್ದೂ ಕಾರಣವಾಗಿತ್ತು. ಅದಕ್ಕೆ ಉತ್ತರ ಬಂದಿಲ್ಲ. ಬಂದದ್ದು ಬೇರೆ ಕಾಗದ: ವಾರ್ಡಿನ ಮಂಚದ ತಲೆಪಟ್ಟಿ ಮುರಿದ ಬಗ್ಗೆ ಏಳು ದಿನಗಳೊಳಗೆ ವಿವರಣೆ ಕೊಡಬೇಕಂತೆ.