ದೂರವಾಣಿ ಸಂಖ್ಯೆಯ ಸೊನ್ನೆ

ಮೇಲ್ವ್ಯಾಸಂಗಕ್ಕಾಗಿ ಪರದೇಶಕ್ಕೆ ಹೋದ ಬೆಂಗಳೂರಿನ ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಸ್ಥಿರ ದೂರವಾಣಿಗೆ ಕರೆ ಮಾಡಬೇಕೆಂದಿರುವನೆಂದು ಭಾವಿಸೋಣ. ತನ್ನ ಊರಿನ ಸಂಕೇತ ೦೮೦ ಎಂಬುದನ್ನು ಅವನು ಬಾಲ್ಯದಿಂದಲೂ ಬಲ್ಲನು. ಆದುದರಿಂದ ಭಾರತದ ಸಂಕೇತವಾದ ೯೧, ಅನಂತರ ೦೮೦, ಅನಂತರ ಮನೆಯ ಎಂಟು ಅಂಕೆಗಳು, ಹೀಗೆ ಬರೆದುಕೊಳ್ಳುವನು. ಆದರೆ ಈ ಸಂಖ್ಯೆ ತಪ್ಪು. ೯೧ರ ಅನಂತರ ೮೦ ಎಂದಷ್ಟೇ ಇರಬೇಕು. ಮೈಸೂರಿನಿಂದ ಕರೆಯುವವನಿಗೆ ಬೇಕಾದ ಸೊನ್ನೆ ಪರದೇಶದಿಂದ ಕರೆಯುವವನಿಗೆ ಬೇಡವಾದುದೇಕೆ? ಈ ಸಣ್ಣ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟರೆ ಇಡೀ ದೇಶದ ದೂರವಾಣಿ ಸಂಖ್ಯೆಗಳ ರಚನೆಯೇ ನಮಗೆ ತಿಳಿದುಬರುವುದು.

ಮೊದಲು ಯಂತ್ರವು ಸಂಖ್ಯೆಯನ್ನು ಓದುವ ಬಗೆಯನ್ನು ನೋಡೋಣ. ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬಾತನು ೧೮೯೧ರಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜಿಗೆ ಪೇಟೆಂಟು ಪಡೆದನು. ಅವನ ಹೆಸರಿನಿಂದ ಬಳಕೆಗೆ ಬಂದ ಎಕ್ಸ್‌ಚೇಂಜುಗಳಲ್ಲಿ, ಡಯಲಿನ ಮೇಲೆ ೩ನ್ನು ತಿರುಗಿಸಿದರೆ ತಂತಿಯಲ್ಲಿ ಮೂರು ಮಿಡಿತಗಳು ಹರಿದು, ಸ್ವಿಚ್ಚಿನ ತೋಳು ಮೂರು ಮೆಟ್ಟಲು ಏರುತ್ತಿತ್ತು. ೦ಗೆ ಹತ್ತು ಮಿಡಿತಗಳು. ಒಂದೊಂದು ಅಂಕೆಯೂ ಕರೆಯನ್ನು ಒಂದೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತಿತ್ತು. ಇಂದು ಆ ತೋಳುಗಳ ಕೆಲಸವನ್ನು ಗಣಕಯಂತ್ರಗಳು ಮಾಡುತ್ತಿದ್ದರೂ, ಸ್ಥಿರ ದೂರವಾಣಿಯ ಅಂಕೆಗಳು ಎಕ್ಸ್‌ಚೇಂಜಿಗೆ ಒಂದಾದಮೇಲೊಂದರಂತೆಯೇ ಬಂದು ಸೇರುವುವು.

ಇದರಿಂದ ಒಂದು ತೊಡಕುಂಟು. ನಾವು ಬರೆಯುವ ವಾಕ್ಯದ ಕೊನೆಯಲ್ಲಿ ಪೂರ್ಣವಿರಾಮವಿರುವುದು. ಒತ್ತಿದ ಸಂಖ್ಯೆಯ ಕೊನೆಯಲ್ಲಿ ಅಂಥ ಗುರುತೇನೂ ಇಲ್ಲ. ಒಂದು ಮನೆಗೆ ೨೩೪ ಎಂದೂ ಮತ್ತೊಂದು ಮನೆಗೆ ೨೩೪೫ ಎಂದೂ ಸಂಖ್ಯೆ ಕೊಟ್ಟರೆ ಏನಾದೀತು? ಮೂರನೆಯ ಅಂಕೆ ಬಂದೊಡನೆಯೇ ಮೊದಲನೆಯ ಮನೆಯ ಗಂಟೆ ಬಾರಿಸುವುದು. ಎರಡನೆಯ ಮನೆಗೆ ಕರೆಯೇ ಮುಟ್ಟದು. ಆದಕಾರಣ ಯಾವ ಪೂರ್ಣ ಸಂಖ್ಯೆಯೂ ಬೇರೊಂದು ಸಂಖ್ಯೆಯ ಆರಂಭವಾಗಿರಕೂಡದು. ಈ ವ್ಯವಸ್ಥೆಗೆಲ್ಲ ಇದೇ ಮೂಲಸೂತ್ರ.

ಈಗ ಸೊನ್ನೆಯ ಅರ್ಥ ಸ್ಪಷ್ಟವಾಗುವುದು. ನಮ್ಮ ದೇಶದಲ್ಲಿ ಮೊತ್ತಮೊದಲಿಗೆ ೧೯೬೦ರಲ್ಲಿ ಕಾನ್ಪುರ ಮತ್ತು ಲಖನೌಗಳ ನಡುವೆ, ಆಪರೇಟರರ ನೆರವಿಲ್ಲದೆ ಚಂದಾದಾರರೇ ನೇರವಾಗಿ ದೂರದ ಊರಿಗೆ ಕರೆ ಮಾಡುವ ಸೌಕರ್ಯ ಏರ್ಪಟ್ಟಿತು. ಹೀಗೆ ಊರಾಚೆಗೆ ಕರೆ ಹೋಗಬೇಕಾದಾಗ ಎಕ್ಸ್‌ಚೇಂಜಿಗೆ ಅದನ್ನು ಮೊದಲೇ ತಿಳಿಸಬೇಕಷ್ಟೆ. ಆ ಸೂಚನೆಯೇ ೦. ಅದು ಊರಿನ ಹೆಸರಲ್ಲ, ಊರಿನಿಂದ ಹೊರಬೀಳುವ ಬಾಗಿಲು. ೦೦ ದೇಶದಿಂದಲೇ ಹೊರಬೀಳುವ ಬಾಗಿಲು. ಬೆಂಗಳೂರಿನ ನಿಜವಾದ ಸಂಕೇತ ೮೦ ಮಾತ್ರ. ಪರದೇಶದ ಕರೆ ೯೧ರ ಮೂಲಕ ಆಗಲೇ ಭಾರತದ ಒಳಗೆ ಬಂದಿರುವುದರಿಂದ ಅದಕ್ಕೆ ಮತ್ತೆ ಈ ಬಾಗಿಲಿನ ಅಗತ್ಯವಿಲ್ಲ.

ಊರಿನ ಸಂಕೇತಗಳಲ್ಲಿಯೂ ಒಂದು ಲೆಕ್ಕಾಚಾರವಿದೆ. ಬೆಂಗಳೂರಿನ ೮೦ ಎಂಬುದರಲ್ಲಿ ಎರಡು ಅಂಕೆಗಳು, ಮನೆಯ ಸಂಖ್ಯೆಯಲ್ಲಿ ಎಂಟು. ಮೈಸೂರಿನ ಸಂಕೇತ ೮೨೧, ಮಂಗಳೂರಿನದು ೮೨೪. ಅಲ್ಲಿ ಮನೆಯ ಸಂಖ್ಯೆಯಲ್ಲಿ ಏಳು ಅಂಕೆಗಳು. ಹಾಸನದ್ದು ೮೧೭೨, ಶಿವಮೊಗ್ಗದ್ದು ೮೧೮೨, ಅಲ್ಲಿ ಆರು. ಎಲ್ಲಿ ಕೂಡಿಸಿದರೂ ಮೊತ್ತ ಹತ್ತೇ. ದೊಡ್ಡ ಊರಿಗೆ ಚಿಕ್ಕ ಸಂಕೇತ ಕೊಟ್ಟರೆ ಮನೆಗಳಿಗೆ ಹೆಚ್ಚು ಅಂಕೆಗಳು ಉಳಿಯುವುವು.

ದೇಶಗಳ ಸಂಕೇತಗಳಿಗೂ ಇದೇ ಸೂತ್ರ. ೯೧ ಭಾರತಕ್ಕೆ ಸಂದಿರುವುದರಿಂದ ೯೧೦, ೯೧೫ ಮುಂತಾದುವು ಬೇರಾವ ದೇಶಕ್ಕೂ ದೊರೆಯಲಾರವು. ೯೭ ಎಂಬುದು ಯಾವುದೊಂದು ದೇಶಕ್ಕೂ ಪೂರ್ತಿಯಾಗಿ ಸಲ್ಲದಿರುವುದರಿಂದ ನೇಪಾಳಕ್ಕೆ ೯೭೭ ದೊರೆತಿದೆ.

ಇನ್ನು ಮೊಬೈಲಿನ ವಿಷಯ. ಹತ್ತು ಅಂಕೆಗಳ ಸಂಖ್ಯೆಯಲ್ಲಿ ಮೊದಲನೆಯದು ೯ ಎಂದು ಗೊತ್ತುಮಾಡಿದರೆ ಉಳಿದ ಒಂಬತ್ತು ಸ್ಥಾನಗಳಿಂದ ೧೦೦ ಕೋಟಿ ಸಂಖ್ಯೆಗಳು ಹುಟ್ಟುವುವು. ಇದು ಸಾಲದೆ ೮, ೭, ೬ ಇವುಗಳಿಂದ ಆರಂಭವಾಗುವ ಸಂಖ್ಯೆಗಳನ್ನೂ ಕೊಡಬೇಕಾಯಿತು. ೨ ಅಥವಾ ೪ರಿಂದ ಆರಂಭವಾಗುವ ಮೊಬೈಲ್ ಸಂಖ್ಯೆಯನ್ನೇಕೆ ಕೊಡಲಿಲ್ಲ? ಬೆಂಗಳೂರಿನ ಎಷ್ಟೋ ಮನೆಗಳ ಎಂಟಂಕೆಯ ಸಂಖ್ಯೆಗಳು ೨ರಿಂದ ಆರಂಭವಾಗುವುವು. ಮೊಬೈಲ್ ಸಂಖ್ಯೆಯೂ ಹಾಗೆಯೇ ಆರಂಭವಾದರೆ, ಸ್ಥಿರ ದೂರವಾಣಿಯಿಂದ ಅದನ್ನು ಒತ್ತುವಾಗ ಎಂಟನೆಯ ಅಂಕೆಗೇ ಇನ್ನಾರದೋ ಮನೆಯ ಗಂಟೆ ಬಾರಿಸೀತು! ೨೦೨೧ರ ಜನವರಿ ೧೫ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ೦ ಒತ್ತುವುದು ಕಡ್ಡಾಯವಾದುದರ ಕಾರಣ ಇದೇ. ಆ ಒಂದು ಸೊನ್ನೆಯಿಂದ ಮುಂದಿನ ಬಳಕೆಗೆ ಸುಮಾರು ೨೫೦ ಕೋಟಿ ಸಂಖ್ಯೆಗಳಿಗೆ ಅವಕಾಶವಾಯಿತು.

ಇಲ್ಲಿ ಜಾಣ ವಾಚಕರು ಒಂದು ಆಕ್ಷೇಪವನ್ನೆತ್ತಬಹುದು: ೮೦ರಿಂದ ಆರಂಭವಾಗುವ ಮೊಬೈಲ್ ಸಂಖ್ಯೆಗಳೂ ಇವೆಯಲ್ಲವೆ? ಇವೆ. ಆದರೆ ೮೦ರ ಅನಂತರ ೨ ಬಂದರೆ ಅದು ಬೆಂಗಳೂರಿನ ಸ್ಥಿರ ದೂರವಾಣಿ. ಆದಕಾರಣ ೮೦೨ರಿಂದ ಆರಂಭವಾಗುವ ಮೊಬೈಲು ದೇಶದಲ್ಲೆಲ್ಲಿಯೂ ಇರಲಾರದು. ಒಂದು ಊರಿಗೆ ಕೊಟ್ಟ ಸಂಖ್ಯೆಗಳು ಇಡೀ ದೇಶದ ಮೊಬೈಲುಗಳ ಲೆಕ್ಕದಿಂದ ಕಳೆದುಹೋಗುವುವು. ಸಂಖ್ಯೆಗಳು ಅನಂತವೆಂದು ಗಣಿತ ಹೇಳಿದರೂ, ಹತ್ತು ಸ್ಥಾನಗಳೊಳಗೆ ಅವು ನೆಲದಂತೆಯೇ ಮಿತವಾದ ಆಸ್ತಿ.

ಕೊನೆಯದಾಗಿ ಇನ್ನೊಂದು ಉದಾಹರಣೆ. ೧ರಿಂದ ಆರಂಭವಾಗುವ ಸಂಖ್ಯೆಯನ್ನು ಯಾವ ಮನೆಗೂ ಕೊಡುವುದಿಲ್ಲ; ಅದು ವಿಶೇಷ ಸೇವೆಗಳಿಗೆ ಮೀಸಲು. ದಿಲ್ಲಿಯ ಸಂಕೇತ ೧೧. ಅಲ್ಲಿಯೂ ಅನೇಕ ಮನೆಗಳ ಸಂಖ್ಯೆ ೨ರಿಂದ ಆರಂಭ. ನಾವು ಸ್ಥಿರ ದೂರವಾಣಿಯಿಂದ ದಿಲ್ಲಿಗೆ ಕರೆ ಮಾಡುವಾಗ ಸೊನ್ನೆಯನ್ನು ಮರೆತೆವೆನ್ನೋಣ. ಮೊದಲ ಮೂರು ಅಂಕೆಗಳು ೧೧೨ ಆಗುವುವು. ಅದು ತುರ್ತು ನೆರವಿನ ಸಂಖ್ಯೆ! ಬೆಂಕಿ ಬಿದ್ದಾಗ, ಅಪಘಾತವಾದಾಗ, ನಡುಗುವ ಕೈಯಿಂದ ಮೂರೇ ಅಂಕೆಗಳನ್ನೊತ್ತಿದವನಿಗೆ ಒಡನೆಯೇ ಸಹಾಯ ಸಿಗಬೇಕಾದರೆ, ಆ ಮೂರಂಕೆಗಳಿಂದ ಬೇರಾವ ಕರೆಯೂ ಆರಂಭವಾಗಕೂಡದು. ಉಳಿದವರೆಲ್ಲ ದೂರದ ಕರೆಗೆ ಒಂದು ಸೊನ್ನೆಯನ್ನು ಹೆಚ್ಚಾಗಿ ಒತ್ತುವ ಶ್ರಮವಹಿಸುವುದರಿಂದಲೇ ಅವನಿಗೆ ಆ ದಾರಿ ತೆರೆದಿರುವುದು.